ಫೋನಿನಲ್ಲಿ ಎಲ್ಲ ಉಂಟಲ್ಲ, ಮತ್ತೆ ದುಡ್ಡು ಕೊಟ್ಟು ಆಲ್ಬಮ್ ಎಂಥಕ್ಕೆ?

ಹೋದ ವಾರ ಕುಂದಾಪುರದಿಂದ ಭಾವ ಬಂದಿದ್ದರು. ಚಾ ಕುಡಿಯುತ್ತಾ ಜಗಲಿಯಲ್ಲಿ ಕೂತಿದ್ದಾಗ ಕೊರಿಯರಿನ ಹುಡುಗ ಒಂದು ಚಪ್ಪಟೆ ಪೆಟ್ಟಿಗೆ ಕೊಟ್ಟು ಹೋದ. ಒಳಗೆ ಇರುವುದು ಹಾಡಿನ ಆಲ್ಬಮ್, ರೆಕಾರ್ಡ್ ಎಂದು ಭಾವನಿಗೆ ನೋಡುತ್ತಲೇ ಗೊತ್ತಾಯಿತು. "ಅಲ್ಲ ಮಾರಾಯ, ಈ ಹಾಡೆಲ್ಲ ಫೋನಿನಲ್ಲಿ ಉಂಟಲ್ಲ? ಮತ್ತೆ ಇಷ್ಟು ದುಡ್ಡು ಕೊಟ್ಟು ತರಿಸುವುದು ಎಂಥಕ್ಕೆ?"

ಇದೇ ಪ್ರಶ್ನೆಯನ್ನು ಆಫೀಸಿನಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. ಮಣಿಪಾಲದಲ್ಲಿ ಓದುವ ಅಕ್ಕನ ಮಗಳು ರಜೆಯಲ್ಲಿ ಬಂದಾಗಲೆಲ್ಲ ಕೇಳುತ್ತಾಳೆ. ಎರಡು ಮಾತಿನಲ್ಲಿ ಏನೋ ಹೇಳಿ ಮುಗಿಸುತ್ತಿದ್ದೆ. ಈ ಸಲ ಕೂತು ಬರೆದುಬಿಡುವ ಅಂತ ಅನ್ನಿಸಿತು. ಬಿಸು ಹಬ್ಬದಿಂದ ಈಚೆಗೆ ಐದು ಆಲ್ಬಮ್ ಕೊಂಡಿದ್ದೇನೆ. ಅವುಗಳನ್ನೇ ಮುಂದಿಟ್ಟುಕೊಂಡರೆ ಉತ್ತರ ಹೇಳುವುದು ಸುಲಭ.

ಫೋನಿನಲ್ಲಿ ನಾನೂ ಕೇಳುತ್ತೇನೆ. ಉಡುಪಿಯಿಂದ ಮಂಗಳೂರಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿಬರುವವನಿಗೆ ಬೇರೆ ದಾರಿ ಇಲ್ಲ. ಒಂದು ದಿನ ಲೆಕ್ಕ ಇಟ್ಟೆ. ಬಸ್ಸು ಕಾಪು ದಾಟುವುದರೊಳಗೆ 11 ಹಾಡು ಶುರು ಮಾಡಿದ್ದೆ, ಒಂದನ್ನೂ ಪೂರ್ತಿ ಕೇಳಿರಲಿಲ್ಲ. ಆ ಹಾಡುಗಳು ಕೆಟ್ಟವೇನಲ್ಲ. ಮೊದಲ ಅರ್ಧ ನಿಮಿಷ ಹಿಡಿಸದಿದ್ದರೆ ಹೆಬ್ಬೆರಳು ತಾನಾಗಿಯೇ ಮುಂದಕ್ಕೆ ಓಡುತ್ತದೆ, ಅಷ್ಟೇ. ದುಡ್ಡು ಕೊಟ್ಟು ಮನೆಗೆ ತಂದದ್ದನ್ನು ಹಾಗೆ ಬಿಟ್ಟುಬಿಡಲು ಮನಸ್ಸು ಬರುವುದಿಲ್ಲ. ನನ್ನದೊಂದು ಕ್ರಮ ಉಂಟು: ಕೊಂಡ ಆಲ್ಬಮನ್ನು ಬೇರೆ ಬೇರೆ ದಿನ ಮೂರು ಸಲ, ಮೊದಲಿನಿಂದ ಕೊನೆಯವರೆಗೆ ಕೇಳದೆ ಅದರ ಬಗ್ಗೆ ಒಳ್ಳೆಯದನ್ನೂ ಹೇಳುವುದಿಲ್ಲ, ಕೆಟ್ಟದ್ದನ್ನೂ ಹೇಳುವುದಿಲ್ಲ. ಭಾವನ ಪ್ರಶ್ನೆಗೆ ಮುಕ್ಕಾಲು ಉತ್ತರ ಇದರಲ್ಲೇ ಬಂತು. ನಾನು ದುಡ್ಡು ಕೊಡುವುದು ಮೊದಲ ಸಲಕ್ಕೆ ಹಿಡಿಸದೆ ಹೋಗುವ ಹಾಡುಗಳಿಗಾಗಿ.

ಉಳಿದ ಕಾಲು ಭಾಗ ಗೊತ್ತಾದದ್ದು ಆಟಿ ತಿಂಗಳಿನಲ್ಲಿ, ಬೀಟಲ್ಸ್ ತಂಡದ 'ಅಬ್ಬೆ ರೋಡ್' ಎಲ್‌ಪಿ, ಅಂದರೆ ಎರಡು ಮಗ್ಗುಲಲ್ಲೂ ಹಾಡಿರುವ ದೊಡ್ಡ ರೆಕಾರ್ಡ್, ಬಂದ ದಿನ.

1969ರ ಆಲ್ಬಮ್ ಅದು. ಒಂದೊಂದು ಹಾಡನ್ನೂ ಬಿಡಿಬಿಡಿಯಾಗಿ ನೂರು ಸಲ ಕೇಳಿದ್ದೇನೆ, ಅದರಲ್ಲಿ ಹೊಸತೇನೂ ಇರಲಾರದು ಅಂದುಕೊಂಡಿದ್ದೆ. ಭಾನುವಾರ ಮಧ್ಯಾಹ್ನ, ಮನೆಯಲ್ಲಿ ಎಲ್ಲರೂ ಮಲಗಿದ್ದರು. ಹಂಚಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿತ್ತು. ಮೊದಲ ಮಗ್ಗುಲಿನ ಕೊನೆಯ ಹಾಡು 'ಐ ವಾಂಟ್ ಯೂ' 8 ನಿಮಿಷಕ್ಕೆ ಹತ್ತಿರದ್ದು. ಕೊನೆಯ ಮೂರು ನಿಮಿಷ ಒಂದೇ ಗಿಟಾರಿನ ಸಾಲು ಸುತ್ತಿ ಸುತ್ತಿ ಬರುತ್ತದೆ. ಅದರ ಹಿಂದೆ ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯದಲ್ಲಿ ಬಿರುಗಾಳಿಯಂಥ ಸದ್ದು ಏರುತ್ತಾ ಏರುತ್ತಾ ಹಾಡನ್ನೇ ಮುಚ್ಚುವಷ್ಟಾಗುತ್ತದೆ. ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಕಾಯುತ್ತಿರುವಾಗಲೇ ಕತ್ತಿಯಲ್ಲಿ ಕೊಯ್ದ ಹಾಗೆ ಸದ್ದು ನಿಂತಿತು. ಕರೆಂಟು ಹೋಯಿತೆಂದು ತಲೆ ಎತ್ತಿ ನೋಡಿದರೆ ಫ್ಯಾನು ತಿರುಗುತ್ತಿದೆ. ರೆಕಾರ್ಡೂ ತಿರುಗುತ್ತಿದೆ. ಮುಳ್ಳು ಕೊನೆಯ ಗೆರೆಗೆ ಬಂದು ಸಣ್ಣಗೆ ಟಕ್ ಟಕ್ ಅನ್ನುತ್ತಿದೆ. ಟೇಪನ್ನು ಅಲ್ಲಿಗೇ ಕತ್ತರಿಸಿ ಎಂದು ತಂಡದ ಜಾನ್ ಲೆನನ್ ಹೇಳಿದ್ದು ನನಗೆ ಓದಿ ಗೊತ್ತಿತ್ತು. ಆದರೆ ಆ ಕತ್ತರಿ ಏನು ಮಾಡುತ್ತದೆಂದು ಗೊತ್ತಾದದ್ದು ಆ ಮಧ್ಯಾಹ್ನ. ಕೋಣೆಯಲ್ಲಿ ಇದ್ದದ್ದು ಮಳೆ ಮಾತ್ರ.

ಎದ್ದು ಹೋಗಿ ಮುಳ್ಳು ಎತ್ತಿ, ರೆಕಾರ್ಡನ್ನು ಅಂಚಿನಲ್ಲಿ ಹಿಡಿದು ಮಗುಚಿ, ಬ್ರಷ್ಷಿನಿಂದ ಒಮ್ಮೆ ಒರೆಸಿ ಮತ್ತೆ ಮುಳ್ಳು ಇಟ್ಟೆ. ಒಂದು ನಿಮಿಷದ ಕೆಲಸ. ಆಮೇಲೆ ಒಂಟಿ ಗಿಟಾರು ಮೆಲ್ಲಗೆ ಶುರುವಾಯಿತು. 'ಹಿಯರ್ ಕಮ್ಸ್ ದ ಸನ್'. 1969ರ ವಸಂತದಲ್ಲಿ, ತಂಡದ ಕಂಪೆನಿಯ ಮೀಟಿಂಗ್ ತಪ್ಪಿಸಿಕೊಂಡು ಗೆಳೆಯ ಎರಿಕ್ ಕ್ಲ್ಯಾಪ್ಟನ್‌ನ ಮನೆಯ ತೋಟದಲ್ಲಿ ಕೂತು ಬೀಟಲ್ಸಿನ ಜಾರ್ಜ್ ಹ್ಯಾರಿಸನ್ ಕಟ್ಟಿದ ಹಾಡು. ಆ ಬಿರುಗಾಳಿ, ಆ ಕತ್ತರಿ, ಆ ಒಂದು ನಿಮಿಷದ ಮಳೆ ಕಳೆದು ಬಂದ ಬಿಸಿಲು ಅದು. ಫೋನಿನಲ್ಲಿ ಈ ಎರಡು ಹಾಡುಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡೇ ಬರುತ್ತವೆ. ಉಸಿರು ತೆಗೆದುಕೊಳ್ಳಲು ಜಾಗ ಇಲ್ಲ. ನೂರು ಸಲ ಕೇಳಿದ ಹಾಡಿಗೆ ಕಣ್ಣಲ್ಲಿ ನೀರು ಬಂತು.

ಈ ಹಾಡಿನ ನಡುವೆ 'ಸನ್, ಸನ್, ಸನ್' ಎಂದು ಬರುವ ಭಾಗ ಇದೆಯಲ್ಲ, ಅದನ್ನು ಪಕ್ಕದ ಮನೆಯವರಿಗೆ ಕೇಳಿಸಿದೆ. ಅವರು ಹವ್ಯಾಸಿ ಯಕ್ಷಗಾನ ತಂಡದಲ್ಲಿ ಮದ್ದಳೆ ಬಾರಿಸುವವರು. ಮೊಣಕಾಲ ಮೇಲೆ ಬೆರಳು ಬಡಿಯುತ್ತಾ ನಾಲ್ಕು ಸಲ ಹಾಕಿಸಿಕೊಂಡರು. "ಇದು ನಾಲ್ಕರ ತಾಳದಲ್ಲಿ ಕೂರುವುದಿಲ್ಲ ಮಾರ್ರೆ. ಹನ್ನೊಂದು, ಮತ್ತೆ ಎಂಟು, ಮತ್ತೆ ಏಳು." ಅವರು ಹೇಳಿದ್ದು ಸರಿ. ಪಂಡಿತ್ ರವಿಶಂಕರ್ ಅವರ ಹತ್ತಿರ ಸಿತಾರ್ ಕಲಿತ ಹ್ಯಾರಿಸನ್‌ಗೆ ಮೂರು ಮೂರರ ಗುಂಪು ಮಾಡಿ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ತಂದು ನಿಲ್ಲಿಸುವ ರುಚಿ ಎಲ್ಲಿಂದ ಬಂತೆಂದು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಉಳಿದ ಕಾಲು ಉತ್ತರ ಇದೇ, ಹಾಡುಗಳ ಸಾಲು ಮುಖ್ಯ. ಇದು ಹಳಬರ ಹಟವಲ್ಲ. 2021ರಲ್ಲಿ ಇಂಗ್ಲಿಷ್ ಹಾಡುಗಾರ್ತಿ ಅಡೆಲ್ ತನ್ನ '30' ಆಲ್ಬಮ್ ತಂದಾಗ, ನಾವು ಹಾಡುಗಳನ್ನು ಒಂದು ಕಥೆಯ ಹಾಗೆ ಜೋಡಿಸಿರುತ್ತೇವೆ, ಅದನ್ನು ಕಲೆಸಿ ಹಾಕಬೇಡಿ ಎಂದು ಕೇಳಿಕೊಂಡಳು. ಫೋನಿನಲ್ಲಿ ಹಾಡು ಕೇಳಿಸುವ ಸ್ಪಾಟಿಫೈಯವರು ಆಲ್ಬಮ್ ಪುಟದಲ್ಲಿ ಎದುರಿಗೇ ಇದ್ದ, ಹಾಡುಗಳನ್ನು ಹಿಂದುಮುಂದು ಮಾಡುವ ಶಫಲ್ ಗುಂಡಿಯನ್ನು ತೆಗೆದರು.

ಇನ್ನು ಫ್ಲೀಟ್‌ವುಡ್ ಮ್ಯಾಕ್‌ನ 'ರೂಮರ್ಸ್', 1977ರದ್ದು. ಐದು ಜನರ ತಂಡ. ರೆಕಾರ್ಡಿಂಗ್ ನಡೆಯುವ ಹೊತ್ತಿಗೆ ತಂಡದೊಳಗಿನ ಒಂದು ಮದುವೆ ಮುರಿದಿತ್ತು, ಒಂದು ಪ್ರೀತಿ ಮುರಿದಿತ್ತು, ಐದನೆಯವನ ಸಂಸಾರವೂ ಒಡೆಯುತ್ತಿತ್ತು. ಆದರೂ ದಿನಾ ಒಂದೇ ಕೋಣೆಗೆ ಬಂದು ನುಡಿಸಿದರು. 'ನಿನ್ನ ದಾರಿ ನೀನು ಹಿಡಿ' ಎಂದು ಲಿಂಡ್ಸೆ ಬಕಿಂಗ್‌ಹ್ಯಾಮ್ ಹಾಡುವಾಗ, ಆ 'ನೀನು' ಯಾರೋ ಆ ಸ್ಟೀವಿ ನಿಕ್ಸೇ ಅವನಿಗೆ ಹಿಮ್ಮೇಳ ಹಾಡುತ್ತಾಳೆ. ಅದನ್ನು ತಿಳಿದುಕೊಂಡು ಕೇಳಿದರೆ ಆ ಗಟ್ಟಿ ಡ್ರಮ್ಮಿನ ಉತ್ಸಾಹದ ಹಾಡು ಬೇರೆಯೇ ಆಗುತ್ತದೆ.

ಇದರಲ್ಲಿ 'ಓ ಡ್ಯಾಡಿ' ಎಂಬ ಒಂದು ನಿಧಾನದ ಹಾಡು ಉಂಟು. ಫೋನಿನಲ್ಲಿ ಅದನ್ನು ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ. ಎಲ್‌ಪಿಯಲ್ಲಿ ಮೊದಲ ಸಲ ಬೇಸರ ಬಂತು, ಎರಡನೇ ಸಲವೂ ಹಾಗೆಯೇ. ಮೂರನೇ ಸಲ ಹಾಡನ್ನು ಬಿಟ್ಟು ಕೆಳಗಿನ ಬೇಸ್ ಗಿಟಾರನ್ನು ಹಿಡಿದುಕೊಂಡು ಹೋದೆ. ಆಗ ಅದು ತೆರೆದುಕೊಂಡಿತು. ಅದರ ನಂತರ ಬರುವ ಕೊನೆಯ ಹಾಡು 'ಗೋಲ್ಡ್ ಡಸ್ಟ್ ವುಮನ್' ಕತ್ತಲೆಯ ಹಾಡು. ಈ ನಿಧಾನ ಇಲ್ಲದಿದ್ದರೆ ಆ ಕತ್ತಲೆ ಅಷ್ಟು ಗಾಢವಾಗಿ ಕವಿಯುವುದಿಲ್ಲ. ನನ್ನ ಲೆಕ್ಕದಲ್ಲಿ ಈಗ ಅದು ಆಲ್ಬಮಿನ ಅಡಿಗಲ್ಲು.

ಹಾಗೆಂದು ಎಲ್‌ಪಿ ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. ಒಂದು ಮಗ್ಗುಲಿಗೆ ಹೆಚ್ಚೆಂದರೆ 20-22 ನಿಮಿಷ ಹಿಡಿಸುತ್ತದೆ. ಅದಕ್ಕಿಂತ ಹೆಚ್ಚು ತುರುಕಿದರೆ ಗೆರೆಗಳು ಒತ್ತೊತ್ತಾಗಿ ಸದ್ದು ಸೊರಗುತ್ತದೆ. ಸ್ಟೀವಿ ನಿಕ್ಸ್ ಬರೆದ 'ಸಿಲ್ವರ್ ಸ್ಪ್ರಿಂಗ್ಸ್' ಈ ಆಲ್ಬಮಿಗೆಂದೇ ಮಾಡಿದ ಹಾಡು. ಉದ್ದ ಹೆಚ್ಚಾಯಿತೆಂದು ಅದನ್ನು ತೆಗೆದು, ಬೇರೊಂದು ಚಿಕ್ಕ ಹಾಡು ಸೇರಿಸಿದರು. ಅವಳು ಬಹಳ ನೊಂದಳು. ಕೊನೆಗೆ ಅದು ಹೊರಬಂದದ್ದು 'ನಿನ್ನ ದಾರಿ ನೀನು ಹಿಡಿ' ಎಂಬ ಆ ಬಕಿಂಗ್‌ಹ್ಯಾಮ್ ಹಾಡಿನ ಸಿಂಗಲ್ಲಿನ, ಅಂದರೆ ಬಿಡಿ ಹಾಡಿನ ಚಿಕ್ಕ ರೆಕಾರ್ಡಿನ, ಹಿಂಬದಿಯಲ್ಲಿ. ಅಷ್ಟು ಒಳ್ಳೆಯ ಹಾಡಿಗೆ ಜಾಗ ಕೊಡದೇ ಹೋದದ್ದು ನನಗೆ ಇವತ್ತಿಗೂ ಸಂಕಟ.

ಜಾಗದ ಇದೇ ಪೆಟ್ಟು 1985ರ 'ಬ್ರದರ್ಸ್ ಇನ್ ಆರ್ಮ್ಸ್'ಗೂ ಬಿದ್ದಿದೆ. ಡೈರ್ ಸ್ಟ್ರೇಟ್ಸ್ ತಂಡದ ಈ ಆಲ್ಬಮ್ ನಮ್ಮ ಕರಾವಳಿಗೆ ಬಂದದ್ದು ಗಲ್ಫ್ ದಾರಿಯಲ್ಲಿ. ಬಹ್ರೈನಿನಿಂದ ರಜೆಗೆ ಬರುತ್ತಿದ್ದ ಪಕ್ಕದ ಮನೆಯ ಅಂಕಲ್ ಸೆಂಟು, ಟಾರ್ಚು, ಟೂ-ಇನ್-ವನ್ ಜೊತೆ ಕ್ಯಾಸೆಟ್ಟುಗಳನ್ನೂ ತರುತ್ತಿದ್ದರು. ಅವರ ಮನೆಯ ರೋಸಿನ ದಿನ, ಮದುವೆಯ ಮುಂಚಿನ ಆ ರಾತ್ರಿ, ವಿಲ್ಫಿ ರೆಬಿಂಬಸ್ ಅವರ ಕೊಂಕಣಿ ಹಾಡುಗಳೆಲ್ಲ ಮುಗಿದ ಮೇಲೆ ಯಾರೋ ಈ ಕ್ಯಾಸೆಟ್ ಹಾಕಿದ್ದರು. ಅಂಗಳದ ಚಪ್ಪರದ ಕೆಳಗೆ ಸ್ಯಾಕ್ಸೊಫೋನಿನ ಆ ಸಾಲು ಕೇಳಿದ್ದು ನೆನಪಿದೆ. ಇಂಗ್ಲಿಷ್ ಹಾಡಿನ ಹುಚ್ಚು ನನಗೆ ಹಿಡಿದದ್ದು ಅಂದಿನಿಂದ.

ಆ ನೆನಪಿಗೆಂದೇ ಮೊದಲು ಹಳೆಯ ಎಲ್‌ಪಿ ತರಿಸಿದೆ. ಹೊಸದರ ಹಾಗೆ ಉಂಟು ಎಂದು ಮಾರುವವರು ಬರೆದಿದ್ದರು. ಬಂದದ್ದು ಅಂಚು ಡೊಂಕಾದ ರೆಕಾರ್ಡ್. ವಾಪಸ್ ತೆಗೆದುಕೊಳ್ಳಲಿಲ್ಲ, 1,800 ರೂಪಾಯಿ ಹೋಯಿತು. ಆಮೇಲೆ 250 ರೂಪಾಯಿಗೆ ಸಿ.ಡಿ. ಸಿಕ್ಕಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದಾಗ ಗೊತ್ತಾಯಿತು, ಆ ಕಾಲದ ಎಲ್‌ಪಿಯಲ್ಲಿ ಹಿಡಿಸದೆಂದು ಹಾಡುಗಳನ್ನು ಮೋಟು ಮಾಡಿದ್ದಾರೆ. 'ವೈ ವರಿ' ಸಿ.ಡಿ.ಯಲ್ಲಿ ಎಂಟೂವರೆ ನಿಮಿಷ, ಎಲ್‌ಪಿಯಲ್ಲಿ ಐದೂವರೆ. ಹೋದ ಆ ಮೂರು ನಿಮಿಷದಲ್ಲಿ ಮಾತಿಲ್ಲ, ಗಿಟಾರು ಸುಮ್ಮನೆ ತೂಗುತ್ತಾ ಇರುತ್ತದೆ. ಆ ಹಾಡಿನ ಸಮಾಧಾನವೆಲ್ಲ ಅಲ್ಲೇ ಇರುವುದು. ಡಿಜಿಟಲ್ ಆಗಿಯೇ ರೆಕಾರ್ಡ್ ಮಾಡಿದ, ಹತ್ತು ಲಕ್ಷ ಸಿ.ಡಿ. ಮಾರಾಟವಾದ ಮೊದಲ ಆಲ್ಬಮ್ ಅದು. ಅದರ ನಿಜವಾದ ಮನೆ ಸಿ.ಡಿ.ಯೇ. ರೆಕಾರ್ಡ್ ಮಾತ್ರ ಶ್ರೇಷ್ಠ ಎನ್ನುವ ಗೆಳೆಯರಿಗೆ ಇದನ್ನು ಕೇಳಿಸುತ್ತೇನೆ.

ಕನ್ನಡದ್ದು ಇಲ್ಲವಾ ಎಂದರೆ ಉಂಟು. ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಮ್, ಸಿ.ಡಿ. ಹಿಂದಿ, ಕನ್ನಡ, ಇಂಗ್ಲಿಷ್ ಮೂರೂ ಒಂದೇ ತಟ್ಟೆಯಲ್ಲಿ ಬಡಿಸಿದ್ದಾರೆ. ನನಗೆ ಅದು ಒಂದು ಊಟವಾಗಿ ಕೂಡಿಬರುವುದಿಲ್ಲ, ಇಂಗ್ಲಿಷ್ ಹಾಡುಗಳ ಹತ್ತಿರ ಬಂದಾಗ ಎಳೆ ಕಡಿಯುತ್ತದೆ. ಆದರೆ ಶಿಶುನಾಳ ಶರೀಫರ ಎರಡು ತತ್ವಪದಗಳಿಗಾಗಿ ಇಡೀ ಆಲ್ಬಮ್ ಕೊಳ್ಳಬಹುದು. 'ಗುಡುಗುಡಿಯ ಸೇದಿ ನೋಡೋ' ಮೊದಲ ಸಲಕ್ಕೇ ಎತ್ತಿಕೊಂಡು ಹೋಗುತ್ತದೆ. 'ಸೋರುತಿಹುದು ಮನೆಯ ಮಾಳಿಗಿ' ಹಾಗಲ್ಲ. ಸಿ. ಅಶ್ವತ್ಥ್ ಅವರ ಕಂಠದಲ್ಲಿ ಅದನ್ನು ಕೇಳಿ ಬೆಳೆದ ಕಿವಿ ಬೇರೆ ದನಿಯನ್ನು ಬೇಗ ಒಪ್ಪುವುದಿಲ್ಲ. ಮೂರನೇ ಸಲ ಕೇಳಿದ್ದು ಜೂನಿನ ಒಂದು ರಾತ್ರಿ, ಅಡುಗೆಮನೆಯ ಮೂಲೆಯಲ್ಲಿ ನಮ್ಮ ಮಾಡೂ ಸೋರಿ ಕೆಳಗೆ ಬೋಗುಣಿ ಇಟ್ಟಿದ್ದ ರಾತ್ರಿ. ಒಪ್ಪಿದೆ. ಇನ್ನೂರು ವರ್ಷದ ಹಿಂದೆ ಹುಟ್ಟಿದವರ ಪದ ಗಿಟಾರು, ಪಿಟೀಲಿನ ಜೊತೆ ನಿಂತು ಒಂದು ಅಕ್ಷರವೂ ಹಳತಾಗದೆ ಕೇಳಿಸಿತು.

ನಮ್ಮ ಹವೆಯಲ್ಲಿ ಇವನ್ನೆಲ್ಲ ಕಾಪಾಡುವುದು ಹೇಗೆ ಎಂದೂ ಕೇಳುತ್ತಾರೆ. ಮಳೆಗಾಲದಲ್ಲಿ ಕವರಿಗೆ ಬೂಸ್ಟು ಹಿಡಿಯುತ್ತದೆ, ರೆಕಾರ್ಡಿಗೂ ಹಿಡಿಯುತ್ತದೆ. ಗೋಡೆಗೆ ತಾಗಿಸದೆ, ನೆಟ್ಟಗೆ ನಿಲ್ಲಿಸಿ, ಬಾಗಿಲಿರುವ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ವಾರಕ್ಕೊಮ್ಮೆ ತೆಗೆದು ನೋಡಬೇಕು. ಒಂದರ ಮೇಲೊಂದು ಅಡ್ಡ ಪೇರಿಸಿದರೆ ಡೊಂಕಾಗುತ್ತವೆ. ಹೊಸ ಎಲ್‌ಪಿಗೆ ನಾನು ಕೊಡುವುದು ಎರಡೂವರೆಯಿಂದ ನಾಲ್ಕು ಸಾವಿರ, ಹಾಗಾಗಿ ತಿಂಗಳಿಗೆ ಒಂದಕ್ಕಿಂತ ಹೆಚ್ಚು ತರುವುದಿಲ್ಲ. ಹಳೆಯ ಸಿ.ಡಿ.ಗಳು ನೂರಿನ್ನೂರಕ್ಕೆ ಸಿಗುತ್ತವೆ. ಹೊಸದಾಗಿ ಶುರು ಮಾಡುವವರು ಸಿ.ಡಿ.ಯಿಂದಲೇ ಶುರು ಮಾಡಿ.

ಭಾವ ಬಂದ ದಿನ ಪೆಟ್ಟಿಗೆಯಲ್ಲಿದ್ದದ್ದು ಡ್ಯಾಫ್ಟ್ ಪಂಕ್ ಅವರ 'ರ್‍ಯಾಂಡಮ್ ಆಕ್ಸೆಸ್ ಮೆಮೊರೀಸ್', 2013ರದ್ದು, ಎರಡು ರೆಕಾರ್ಡಿನ ಆಲ್ಬಮ್. ಕಂಪ್ಯೂಟರಿನ ಸಂಗೀತಕ್ಕೆ ಹೆಸರಾದ ಇಬ್ಬರು, ಈ ಸಲ ನುರಿತ ವಾದಕರನ್ನು ಸ್ಟುಡಿಯೋಗೆ ಕರೆಸಿ ನುಡಿಸಿಸಿ ಮಾಡಿದ್ದು. ಭಾವನ ಎದುರಿಗೇ ಬಿಚ್ಚಿ ಹಾಕಿದೆ. ಮೂರನೆಯ ಹಾಡಿನಲ್ಲಿ ಜಾರ್ಜಿಯೊ ಮೊರೊಡರ್ ಎಂಬ ಹಿರಿಯ ಸಂಗೀತಗಾರ ತನ್ನ ಕಥೆ ಹೇಳುತ್ತಾನೆ: ಹಾಡಿ ಮುಗಿಸಿ ಕಾರಿನಲ್ಲೇ ಮಲಗುತ್ತಿದ್ದ ದಿನಗಳು, ಮುಂದಿನ ಕಾಲದ ಸದ್ದೊಂದನ್ನು ಹುಡುಕಿದ ಬಗೆ. "ಇವ ಮಾತಾಡುತ್ತಾ ಇದ್ದಾನಲ್ಲ, ಹಾಡು ಯಾವಾಗ?" ಎಂದು ಭಾವ ಕೇಳಿದರು. ಇರಿ ಎಂದೆ. ಮಾತು ಮುಗಿದು ಸಿಂಥಸೈಜರ್ ಓಡತೊಡಗಿತು, ಅದರ ಮೇಲೆ ವಯಲಿನ್‌ಗಳು ಬಂದವು, ಆಮೇಲೆ ಡ್ರಮ್ಮು ಬಿಚ್ಚಿಕೊಂಡಿತು. 9 ನಿಮಿಷ. ಭಾವ ಲೋಟ ಕೆಳಗಿಟ್ಟದ್ದನ್ನು ನಾನು ನೋಡಿದೆ. ನಾಲ್ಕೂವರೆಯ ಬಸ್ಸಿಗೆ ಹೊರಟವರು ಐದೂಕಾಲರದ್ದಕ್ಕೆ ಹೋದರು.

ಆಲ್ಬಮಿನ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಪೂರ್ತಿ ಆಗಿಲ್ಲ. ಸದ್ದಿನ ಅಚ್ಚುಕಟ್ಟಿಗೆ ಎರಡು ಮಾತಿಲ್ಲ. ಆದರೆ ಎರಡನೇ ಮಗ್ಗುಲು ಎಳೆಯುತ್ತದೆ. ಕೊನೆಯ ಹಾಡು ಆರು ನಿಮಿಷದ ಹತ್ತಿರ ಒಂದೇ ಜಾಗದಲ್ಲಿ ಕಾಲು ಕುಣಿಸುತ್ತದೆ. 74 ನಿಮಿಷದಲ್ಲಿ ಹದಿನೈದು ನಿಮಿಷ ಕಡಿಮೆ ಮಾಡಬಹುದಿತ್ತು ಎಂದು ಈಗ ಅನ್ನಿಸುತ್ತಿದೆ. ಕೇಳಿದ್ದು ಎರಡೇ ಸಲ. ಮೂರನೆಯದು ಈ ಭಾನುವಾರ, ಊಟ ಆದ ಮೇಲೆ.