ಖಡಕಿಯ ಎಸ್‌ಟಿಡಿ ಬೂತಿನಲ್ಲಿ ಒಂದು ಭಾನುವಾರ

1999ರ ಜುಲೈ 4, ಭಾನುವಾರ. ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್ ಮತ್ತೆ ನಮ್ಮ ಕೈಗೆ ಬಂತು ಅನ್ನೋ ಸುದ್ದಿಯಿಂದ ಬ್ಯಾರಕ್ಕೇ ಗದ್ದಲವಾಗಿತ್ತು. ಲಂಗರಿನಲ್ಲಿ, ಅಂದರೆ ನಮ್ಮ ಊಟದ ಮನೆಯಲ್ಲಿ, ತಟ್ಟೆ ಹಿಡಿದು ನಿಂತವರ ಬಾಯಲ್ಲೆಲ್ಲ ಅದೇ ಮಾತು. ನನಗೂ ಖುಷಿಯಾಗಿತ್ತು. ಆದರೆ ನನ್ನ ಕಣ್ಣೆಲ್ಲ ಗಡಿಯಾರದ ಮೇಲೆ. ನಾಲ್ಕು ಗಂಟೆಗೆ ಅತ್ತ ಜಮಖಂಡಿಯಲ್ಲಿ ಅವಳು ಗೆಳತಿಯ ಮನೆಗೆ ಬಂದು ಫೋನಿನ ಪಕ್ಕ ಕೂತಿರುತ್ತಾಳೆ.

ನಾನಾಗ ಪುಣೆಯ ಖಡಕಿಯಲ್ಲಿ, ಸೈನ್ಯದ ಎಂಜಿನಿಯರ್ ಪಡೆಯಾದ ಬಾಂಬೆ ಸ್ಯಾಪರ್ಸ್ ಸೆಂಟರಿನಲ್ಲಿ ರಂಗರೂಟ್, ಅಂದರೆ ತರಬೇತಿಯಲ್ಲಿದ್ದ ಹೊಸ ಸಿಪಾಯಿ. ವಯಸ್ಸು 20. ನಮ್ಮ ಕಡೆಯ ಹುಡುಗರು ಜಾಸ್ತಿ ಹೋಗುತ್ತಿದ್ದದ್ದು ಬೆಳಗಾವಿಯ ಮರಾಠಾ ಸೆಂಟರಿಗೆ, ಇಲ್ಲವೇ ಬೆಂಗಳೂರಿನ ಎಂಇಜಿಗೆ (ಮದ್ರಾಸ್ ಎಂಜಿನಿಯರ್ ಗ್ರೂಪ್). ನನ್ನ ಪಾಲಿಗೆ ಖಡಕಿ ಬಂತು. ಡ್ರಿಲ್ಲು, ಫೈರಿಂಗು ಮುಗಿದು ಆಗ ಸ್ಯಾಪರ್ ಕೆಲಸದ ತರಬೇತಿ ನಡೆದಿತ್ತು. ಭಾನುವಾರ ತರಬೇತಿ ಕೊಡುವ ಉಸ್ತಾದರು ಒಪ್ಪಿದರೆ ಔಟ್‌ಪಾಸ್ ಸಿಗುತ್ತಿತ್ತು. ಸಂಜೆ ಆರಕ್ಕೆ ಮತ್ತೆ ಫಾಲ್-ಇನ್.

ಅವಳು ನನ್ನ ಪಿಯುಸಿ ಸಹಪಾಠಿ. ಆಗ ಬಿ.ಎ. ಓದುತ್ತಿದ್ದಳು. ಅವಳ ಮನೆಯಲ್ಲಿ ಫೋನ್ ಇರಲಿಲ್ಲ, ಇದ್ದರೂ ನಾನು ಮಾಡುವ ಹಾಗಿರಲಿಲ್ಲ. ಪತ್ರಗಳೂ ಗೆಳತಿಯ ವಿಳಾಸಕ್ಕೇ ಹೋಗುತ್ತಿದ್ದವು. ಹೋಗಲು ನಾಲ್ಕೈದು ದಿನ, ಬರಲು ನಾಲ್ಕೈದು ದಿನ. ನಾನು ಕೇಳಿದ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಪ್ರಶ್ನೆ ನನಗೇ ಮರೆತಿರುತ್ತಿತ್ತು. ರಾತ್ರಿ ರೋಲ್ ಕಾಲ್ ಆದ ಮೇಲೆ ಡಾಕ್ ಹಂಚುವಾಗ ನನ್ನ ಹೆಸರು ಕೇಳಿಸಿದರೆ, ಅವತ್ತಿನ ಮೈಕೈ ನೋವೆಲ್ಲ ಎಲ್ಲಿಗೋ ಹೋಗುತ್ತಿತ್ತು.

ನಾನು ಅವಳಿಗೆ ಬರೆಯುತ್ತಿದ್ದದ್ದು ಸೇತುವೆ ಕಟ್ಟುವ ವಿಷಯ. ಬೈಲಿ ಬ್ರಿಜ್ ಅಂತ ಇದೆ. ಹೊಳೆಯೋ ಹಳ್ಳವೋ ಅಡ್ಡ ಬಂದರೆ ಸೈನ್ಯ ಗಂಟೆಗಳ ಲೆಕ್ಕದಲ್ಲಿ ಜೋಡಿಸಿ ನಿಲ್ಲಿಸುವ ಕಬ್ಬಿಣದ ಸೇತುವೆ. ಅದರ ಒಂದೊಂದು ಪ್ಯಾನೆಲ್ 10 ಅಡಿ ಉದ್ದ, ಸುಮಾರು 260 ಕೆ.ಜಿ. ತೂಕ. ಆರು ಜನ ಸೇರಿ ಹೊರಬೇಕು. ಆರು ಜನರ ಹೆಜ್ಜೆ ಒಂದೇ ಆಗಬೇಕು. ಒಬ್ಬ ಎಡವಿದರೆ ಉಳಿದ ಐವರ ಸೊಂಟ ಹೋಯಿತು. ಇದನ್ನೆಲ್ಲ ಬರೆದಿದ್ದೆ. ಅದಕ್ಕೆ ಅವಳು ಕೇಳಿದ್ದಳು, 'ಆರು ಮಂದಿಯೊಳಗ ನೀ ಯಾವ ಕಡೆ ಹಿಡೀತಿ? ಎಡಗಡೆಯೋ, ಬಲಗಡೆಯೋ?' ಇಂಥ ಪ್ರಶ್ನೆ ನನ್ನನ್ನು ಬೇರೆ ಯಾರೂ ಕೇಳಿರಲಿಲ್ಲ.

ಆದರೆ ಒಂದು ವಿಷಯ ನಾನು ಬರೆಯುತ್ತಿರಲಿಲ್ಲ. ಪ್ರಾಡರ್ ಅಂತ ಒಂದು ಸಲಾಕೆ ಇರುತ್ತದೆ. ನೆಲದಲ್ಲಿ ಹೂತಿಟ್ಟ ಬಾಂಬನ್ನು ಹುಡುಕೋದು ಅದರಿಂದ. ಹೊಟ್ಟೆಯ ಮೇಲೆ ಮಲಗಬೇಕು. ಸಲಾಕೆಯನ್ನು ನೆಟ್ಟಗೆ ಚುಚ್ಚುವ ಹಾಗಿಲ್ಲ, ಬಾಂಬಿನ ತಲೆ ಮೇಲೆಯೇ ಒತ್ತಿದ ಹಾಗಾಗುತ್ತದೆ. ಸುಮಾರು 30 ಡಿಗ್ರಿ ಓರೆಯಾಗಿ, ಮೆಲ್ಲಗೆ ಮಣ್ಣೊಳಗೆ ತೂರಿಸಬೇಕು. ಗಟ್ಟಿಯಾದದ್ದು ಏನಾದರೂ ತಾಗಿದರೆ ಅಲ್ಲಿಗೇ ನಿಲ್ಲಬೇಕು. ಕಲ್ಲೋ, ಅದೋ, ಕೈಯಿಂದ ಮಣ್ಣು ಸರಿಸಿಯೇ ನೋಡಬೇಕು. ಮತ್ತೆ ಸ್ವಲ್ಪ ಮುಂದೆ, ಮತ್ತೆ ಚುಚ್ಚು. ನಮಗೆ ಹೂಳುತ್ತಿದ್ದದ್ದು ಸುಮ್ನೆ ಡಮ್ಮಿ. ಆದರೂ ಸಲಾಕೆಯ ತುದಿ ಟಕ್ ಅಂದಾಗ ಬೆನ್ನಲ್ಲಿ ಬೆವರು ಇಳಿಯುತ್ತಿತ್ತು. ಅಲ್ಲಿ ಕಾರ್ಗಿಲ್‌ನಲ್ಲಿ ನಮ್ಮ ಎಂಜಿನಿಯರ್ ಪಡೆಯವರು ಇದನ್ನೇ ಮಾಡುತ್ತಿದ್ದಾರೆ, ನಿಜವಾದ ಬಾಂಬಿನ ಮೇಲೆ, ಅನ್ನೋದು ನಮಗೆಲ್ಲ ಗೊತ್ತಿತ್ತು. ಅವಳಿಗೆ ಇದು ಯಾಕೆ, ಅಂತ ಬಿಟ್ಟಿದ್ದೆ.

ನಾನು ಯುದ್ಧದಿಂದ ಎಷ್ಟೋ ದೂರದಲ್ಲಿ, ಮಳೆಗಾಲದ ಪುಣೆಯಲ್ಲಿ ಕ್ಷೇಮವಾಗಿದ್ದೆ. ತರಬೇತಿ ಮುಗಿಯದ ರಂಗರೂಟನ್ನು ಯಾರೂ ಬೆಟ್ಟ ಹತ್ತಿಸುವುದಿಲ್ಲ. ಇದನ್ನು ಎಷ್ಟು ಸಲ ಬರೆದರೂ ಅವಳ ಹೆದರಿಕೆ ಹೋಗಲಿಲ್ಲ. ರೇಡಿಯೋದಲ್ಲಿ ಬೆಳಿಗ್ಗೆ 7.35ರ ದೆಹಲಿ ಕನ್ನಡ ವಾರ್ತೆ ತಪ್ಪಿಸುತ್ತಿರಲಿಲ್ಲ. ಅದಕ್ಕೂ ಹಿಂದಿನ ಯುದ್ಧಗಳಲ್ಲಿ ತೀರಿಕೊಂಡವರ ದೇಹ ಊರಿಗೆ ಬರುತ್ತಿದ್ದದ್ದು ಕಡಿಮೆ. ಈ ಸಲ ಹಾಗಲ್ಲ. ಬಾವುಟ ಹೊದಿಸಿದ ಪೆಟ್ಟಿಗೆಗಳು ನಮ್ಮ ಕಡೆಯ ಹಳ್ಳಿಗಳಿಗೂ ಬರತೊಡಗಿದ್ದವು. ಜನ ಹೂವು ಹಿಡಿದು ರಸ್ತೆಯ ಎರಡೂ ಬದಿ ನಿಲ್ಲುತ್ತಿದ್ದರು. ಹಾಗೆ ನಿಂತು ನೋಡಿ ಬಂದ ದಿನ ಅವಳು ಬರೆದ ಪತ್ರದಲ್ಲಿ ನಾಲ್ಕೇ ಸಾಲು ಇದ್ದವು.

ಆ ಭಾನುವಾರ ಬಜಾರಿನ ಬೂತಿಗೆ ಹೋದಾಗ ಮೂರೂಮುಕ್ಕಾಲು. ಜೇಬಿನಲ್ಲಿ 50 ರೂಪಾಯಿ. ಜಿಟಿಜಿಟಿ ಮಳೆ. ನನ್ನ ಮುಂದೆ ಗಾಲಿಕುರ್ಚಿಯಲ್ಲಿ ಒಬ್ಬರಿದ್ದರು. ಖಡಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗೆ ಅಂತಲೇ 1974ರಿಂದ ಒಂದು ಪುನರ್ವಸತಿ ಕೇಂದ್ರವಿದೆ, ಅಲ್ಲಿಯವರು. ಬೂತಿನ ಬಾಗಿಲಲ್ಲಿ ಕುರ್ಚಿ ಹಿಡಿಸದು. ಹುಡುಗ ವೈರ್ ಎಳೆದು ರಿಸೀವರನ್ನು ಹೊರಗೇ ಕೊಟ್ಟ. ಅವರು ಬಾಯಿ ತೆರೆದರೆ ಕನ್ನಡ! ರಾಯಚೂರು ಕಡೆಯ ಕನ್ನಡ.

ಹೆಂಡತಿಯ ಜೊತೆ ಮಾತು. ಬೇಡ ಅಂದರೂ ಕಿವಿಗೆ ಬೀಳುತ್ತಿತ್ತು. ಹಾಸಿಗೆ ಹುಣ್ಣು ಇನ್ನೂ ಮಾಯ್ದಿಲ್ಲ, ಈ ವಾರ ಎರಡು ಸಲ ಕೀವು ತೆಗೆದರು, ರಾತ್ರಿ ಚಳಿಜ್ವರ ಬಂದಿತ್ತು, ಅಂದರು. ಅತ್ತ ಆಕೆ ಏನೋ ಕೇಳಿದರು. 'ಇಲ್ಲ, ನಿನ್ನೆ ಅತ್ತಿದ್ದೆ. ಇವತ್ತು ಆರಾಮದೀನಿ' ಅಂದರು ಅವರು. ಆಮೇಲೆ ಮಗನ ಶಾಲೆ ಫೀ, ಬಿತ್ತನೆ, ಎತ್ತಿನ ಕಾಲು ನೋವು. ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದರು, ಕೇಳಿದರು. ದುಡ್ಡು ಕೊಟ್ಟು ಗಾಲಿ ತಳ್ಳಿಕೊಂಡು ಹೊರಟರು. ಕುರ್ಚಿ ರಸ್ತೆಗೆ ಇಳಿಸಲು ನಾನು ಕೈ ಹಾಕಿದೆ. ನನಗೂ ಕನ್ನಡ ಬರುತ್ತದೆ ಅಂತ ಹೇಳಲು ಯಾಕೋ ಬಾಯಿ ಬರಲಿಲ್ಲ.

ನನ್ನ ಸರದಿ. ಮೊದಲ ರಿಂಗಿಗೇ ಎತ್ತಿದಳು.

'ಉಂಡಿ?'

'ಉಂಡೆ. ಮಳೆ ಬಂತಾ ಅಲ್ಲಿ?'

'ಬಂತು. ಒಂದ್ ಮಾತ್ ಕೇಳ್ತೀನಿ, ಖರೇ ಹೇಳ್ತಿ?'

ಎದುರಿಗೆ ಮೀಟರಿನ ಕೆಂಪು ಅಂಕಿಗಳು ಏರುತ್ತಿದ್ದವು.

'ಪೇಪರಿನ್ಯಾಗ ಬಂದದ. ದಂಡು ಹೋಗೂಕಿಂತ ಮೊದಲ ನಿಮ್ಮ ಪೈಕಿಯವರೇ ಹೋಗಿ ನೆಲಬಾಂಬ್ ತಗೀತಾರಂತ. ಹೌದೇನು?'

ನಾನು ಸುಮ್ಮನಾದೆ. ಮಾತಾಡಿದರೂ ಆಡದಿದ್ದರೂ ಮೀಟರಿಗೆ ಒಂದೇ. 17 ಇದ್ದದ್ದು 21 ಆಯಿತು. 24 ಆಯಿತು.

'ಹೌದು' ಅಂದೆ.

'ಅದನ್ನ ನಿನಗ ಕಲಿಸಾಕತ್ತಾರ?'

'ಹೌದು. ಎರಡು ತಿಂಗಳಾಯ್ತು.'

ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಸಿಟ್ಟು ಬಂದಿತ್ತು. 'ಎರಡು ತಿಂಗಳು ಬರೇ ಸೇತುವೆ ಬರದಿ. ನೀ ಬರೀಲಿಲ್ಲಂದ್ರ ನಾ ಹೆದರೂದಿಲ್ಲ ಅಂದ್ಕೊಂಡಿ? ಬರೀಲಿಲ್ಲಂತನ ಜಾಸ್ತಿ ಹೆದರೀನಿ. ರಾತ್ರಿಯೆಲ್ಲ ನಂಗ ತಿಳಿದಂಗ ಏನೇನೋ ಕಾಣತದ.'

ನನ್ನ ಬಳಿ ಉತ್ತರವಿರಲಿಲ್ಲ. ಅವಳನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ಕತ್ತಲೆಯಲ್ಲಿ ಒಬ್ಬಳನ್ನೇ ಬಿಟ್ಟಿದ್ದೆ ಅಂತ ಆಗ ಹೊಳೆಯಿತು. ಮೀಟರ್ 46ಕ್ಕೆ ಬಂದಾಗ 'ಎಲ್ಲಾ ಬರೀತೀನಿ' ಅಂದೆ. 'ಬರಿ' ಅಂದು ಅವಳೇ ಇಟ್ಟಳು.

ಆ ರಾತ್ರಿ ಲೈಟ್ಸ್ ಔಟ್ ಆಗುವವರೆಗೆ ಟ್ರಂಕಿನ ಮೇಲೆ ಹಾಳೆ ಇಟ್ಟು ಬರೆದೆ. ಇನ್‌ಲ್ಯಾಂಡ್ ಪತ್ರ ಸಾಲದು ಅಂತ ನೋಟ್‌ಬುಕ್ಕಿನ ಹಾಳೆಗಳನ್ನೇ ಹರಿದೆ. ಪ್ರಾಡರಿನ ಚಿತ್ರ ಬರೆದೆ. ಹೇಗೆ ಮಲಗಬೇಕು, ಯಾವ ಕೋನ, ಟಕ್ ಅಂದಾಗ ಎದೆ ಹೇಗೆ ಹೊಡೆದುಕೊಳ್ಳುತ್ತದೆ. ಪಾಠದ ಮೊದಲ ದಿನ ನನ್ನ ಕೈ ನಡುಗಿ ಉಸ್ತಾದರು ಪಕ್ಕದಲ್ಲಿ ತಾವೂ ಮಲಗಿ ಮಣಿಕಟ್ಟು ಹಿಡಿದುಕೊಂಡದ್ದು. ಗಾಲಿಕುರ್ಚಿಯವರ ಬಗ್ಗೆಯೂ ಬರೆದೆ. ಮುಂದೆ ನನ್ನನ್ನು ಕಳಿಸಿದರೆ ಹೋಗುತ್ತೇನೆ, ಹೋಗಬೇಕು ಅಂತಲೂ ಅನಿಸುತ್ತದೆ ಅಂತ ಬರೆದೆ. ಅದನ್ನು ಬರೆಯೋದು ಎಲ್ಲಕ್ಕಿಂತ ಕಷ್ಟವಾಯಿತು.

ವಾರ ಕಳೆಯಿತು. ಹತ್ತು ದಿನ ಕಳೆಯಿತು. ದಿನಾ ಡಾಕ್ ಹಂಚುವಾಗ ನಿಂತಿರುತ್ತಿದ್ದೆ, ಹೆಸರು ಬರುತ್ತಿರಲಿಲ್ಲ. ಇಲ್ಲಿಗೆ ಮುಗಿಯಿತೇನೋ ಅಂದುಕೊಂಡೆ.

ಕೊನೆಗೆ ಬಂತು. ನಾಲ್ಕು ಪುಟ. ತಮ್ಮನ ಕಂಪಾಸ್ ಬಾಕ್ಸಿನ ಕೋನಮಾಪಕ ತೆಗೆದುಕೊಂಡು, ಹಿತ್ತಲಲ್ಲಿ ಸ್ವೆಟರ್ ಹೆಣೆಯುವ ಕಡ್ಡಿಯನ್ನು 30 ಡಿಗ್ರಿ ಓರೆ ಹಿಡಿದು ಮಣ್ಣಿಗೆ ಚುಚ್ಚಿ ನೋಡಿದ್ದಳಂತೆ. ಮೂರು ಸಲ ಚುಚ್ಚುವಷ್ಟರಲ್ಲಿ ಮೊಣಕೈ ನೋವಾಯಿತಂತೆ. ಕಡೆಯಲ್ಲಿ ಬರೆದಿದ್ದಳು: 'ನಮ್ಮದು ಎರೆ ಮಣ್ಣು. ಮಳೆ ಆದ ಮೇಲೆ ಕಡ್ಡಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ. ನಿಮ್ಮಲ್ಲಿ ಮಣ್ಣು ಎಂಥದು? ಬರಿ.'