ಮಾಜಿ ಕಾರ್ಪೊರೇಟರ್ ಜೊತೆ ಒಂದು ಬೈ-ಟು

ಬೆಳಿಗ್ಗೆ ದರ್ಶಿನಿಯಲ್ಲಿ ನಮ್ಮ ಏರಿಯಾದ ಮಾಜಿ ಕಾರ್ಪೊರೇಟರ್ ಸಿಕ್ಕಿದರು. "ಏನ್ ಸರ್, ಈಗ ಯಾವ ಪಾರ್ಟಿ?" ಅಂತ ಸುಮ್ನೆ ಕಾಲೆಳೆದೆ. ನಕ್ಕರು. "ಪಾರ್ಟಿ ಎಲ್ಲಾ ಬಿ ಫಾರಂ ಸಿಗೋ ತನಕ ಸ್ವಾಮಿ. ಮೋರಿ ಕಟ್ಟಿಕೊಂಡಾಗ ಯಾರಾದ್ರೂ ಚಿಹ್ನೆ ನೋಡಿ ಫೋನ್ ಮಾಡ್ತಾರಾ?"

2015ರಲ್ಲಿ ಗೆದ್ದವರು ಇವರು. ಆಗ ಬೆಂಗಳೂರು ಪಾಲಿಕೆಯಲ್ಲಿ 198 ವಾರ್ಡು. 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿಯಿತು, ಆಮೇಲೆ ಆಡಳಿತಾಧಿಕಾರಿಗಳ ಕಾಲ. 2025ರಲ್ಲಿ ಪಾಲಿಕೆಯೇ ಐದು ಹೋಳಾಯಿತು. ಇವರ ಫೋನ್ ಮಾತ್ರ ನಿಂತಿಲ್ಲ. ಕಾಫಿ ಮುಗಿಯೋದರೊಳಗೆ ಮೂರು ಸಲ ಬಂತು. ಒಬ್ಬರಿಗೆ ಬೀದಿದೀಪ, ಇನ್ನೊಬ್ಬರಿಗೆ ಕಸದ ಆಟೋ. "ಹೂಂ ಅಮ್ಮ, ಹೇಳ್ತೀನಿ" ಅಂದರು. ಯಾರಿಗೆ ಹೇಳ್ತಾರೋ! ಅಂಗಿ ಜೇಬಿನಲ್ಲಿ ನಾಲ್ಕು ಮಡಿಕೆಯ ಚೀಟಿ, ಅದರಲ್ಲಿ ಲೈನ್‌ಮನ್, ವಾಟರ್‌ಮನ್ ನಂಬರ್‌ಗಳು. ಬೆವರಿಗೆ ಇಂಕು ಹರಡಿತ್ತು.

ದೇವರಂಥ ಮನುಷ್ಯ ಅಂತೇನೂ ಹೇಳ್ತಿಲ್ಲ. ಇವರ ಕಾಲದಲ್ಲೇ ನಮ್ಮ ರಸ್ತೆಗೆ ಟಾರು ಹಾಕಿ, ತಿಂಗಳೊಳಗೆ ಅಗೆದಿದ್ದರು. ಆದರೆ ಬೈಯೋಕೆ ಒಂದು ಮುಖ ಇತ್ತು ಅಲ್ವಾ?

ಕಾಫಿ ದುಡ್ಡು ನಾನೇ ಕೊಟ್ಟೆ. "ಎಲೆಕ್ಷನ್ ಬರ್ಲಿ, ಮಸಾಲೆ ದೋಸೆನೇ ಕೊಡಿಸ್ತೀನಿ" ಅಂತ ಸ್ಕೂಟರ್ ಹತ್ತಿದರು.