ನಾಯಿಯ ಮೈಮೇಲಿನ ಋತುಗಳು

ನಾಯಿಯ ಫೋಟೊದಲ್ಲಿ ಋತು ಕಾಣಬೇಕೆಂದು ಹಿನ್ನೆಲೆಗೆ ಗುಲ್‌ಮೊಹರ್ ಹೂವನ್ನೋ ಇಬ್ಬನಿ ಹನಿಸಿದ ಹುಲ್ಲನ್ನೋ ಹುಡುಕಿಕೊಂಡು ಹೋಗುವವರು ಬಹಳ. ನನಗೆ ಅದಕ್ಕಿಂತ ನಾಯಿಯ ಮೈಯನ್ನೇ ನೋಡುವುದು ಲೇಸೆನಿಸುತ್ತದೆ. ನಾಲಿಗೆ ಎಷ್ಟು ಹೊರಚಾಚಿದೆ, ರೋಮ ಹೇಗೆ ಕೂತಿದೆ, ಮಲಗಿದಾಗ ಕಾಲು ಚಾಚಿದೆಯೋ ಮುದುಡಿಕೊಂಡಿದೆಯೋ ಎಂಬುದರಿಂದಲೇ ಯಾವ ಕಾಲವೆಂದು ಹೇಳಿಬಿಡಬಹುದು. ಧಾರವಾಡದಲ್ಲಿದ್ದು ಈ ಹವ್ಯಾಸ ಹಚ್ಚಿಕೊಂಡವರಿಗೆ ಒಂದು ಅನುಕೂಲವೂ ಇದೆ: ಪಶ್ಚಿಮಕ್ಕೆ ಹೋದರೆ ಮಲೆನಾಡಿನ ಸೆರಗು, ಕೆಂಪು ಮಣ್ಣು, ಪೂರ್ವಕ್ಕೆ ನವಲಗುಂದದ ಕಡೆ ಹೊರಳಿದರೆ ಕಣ್ಣು ಹಾಯುವಷ್ಟು ದೂರ ಎರೆಹೊಲ. ನನ್ನ ಕ್ಯಾಮೆರಾದ ಮುಂದೆ ಹೆಚ್ಚಾಗಿ ನಿಲ್ಲುವವರು ಇಬ್ಬರು. ಒಬ್ಬ ನಮ್ಮ ಮನೆಯ ಕರಿಯ, ಬೀದಿಯಿಂದ ಬಂದ ಅಪ್ಪಟ ಕಪ್ಪು ನಾಯಿ. ಇನ್ನೊಂದು ಪರಿಚಯದ ರೈತರೊಬ್ಬರು ಸಾಕಿರುವ, ಮಾಸಲು ಬಿಳಿ ಬಣ್ಣದ ಮುಧೋಳ ನಾಯಿ.

ಬೇಸಿಗೆಯ ಬಗ್ಗೆ ಹೇಳುವುದು ಕಡಿಮೆ. ಮೇ ತಿಂಗಳ ಮೊದಲ ವಾರದಲ್ಲಿ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುವುದರಿಂದ ನಾಯಿಯ ನೆರಳು ಅದರ ಹೊಟ್ಟೆಯ ಕೆಳಗೇ ಬಿದ್ದು, ಕಣ್ಣುಗಳು ಹುಬ್ಬಿನ ಕತ್ತಲೆಯಲ್ಲಿ ಮುಚ್ಚಿಹೋಗುತ್ತವೆ. ಬೆಳಗಿನ ಏಳೂವರೆಯೊಳಗೆ ಕೆಲಸ ಮುಗಿಸಿಬಿಡುವುದೇ ಸರಿ. ಸಂಜೆ ಹೊರಡುವುದಾದರೆ ಡಾಂಬರಿನ ಮೇಲೆ ಅಂಗೈಯ ಹಿಂಬದಿಯನ್ನು ಒತ್ತಿ ನೋಡಬೇಕು. ನಮಗೆ ತಾಳಲಾಗದ ಬಿಸಿ ಅದರ ಪಾದಕ್ಕೂ ಬೇಡ. ನಾಯಿಗಳು ಮೈಯ ಶಾಖವನ್ನು ಹೆಚ್ಚಾಗಿ ಏದುಸಿರಿನಿಂದಲೇ ಕಳೆದುಕೊಳ್ಳುತ್ತವೆ. ಸೆಕೆ ಏರಿದಂತೆ ಕರಿಯನ ನಾಲಿಗೆಯ ತುದಿ ಅಗಲವಾಗಿ, ಅಂಚು ಮೇಲಕ್ಕೆ ಮಡಚಿಕೊಳ್ಳುತ್ತದೆ. ಅದು ಚಿತ್ರಕ್ಕೆ ಚೆಂದವೇ, ಆದರೆ ನೀರು ಕೊಟ್ಟು ನೆರಳಿಗೆ ಕರೆದೊಯ್ಯಬೇಕಾದ ಹೊತ್ತೂ ಅದೇ.

ಕಪ್ಪು ನಾಯಿಗೆ ಹೇಳಿ ಮಾಡಿಸಿದ ಕಾಲವೆಂದರೆ ಮಳೆಗಾಲ. ಆರಿದ್ರಾ ಮಳೆ ಹಿಡಿದು, ಧಾರವಾಡದ ಜಿಟಿಜಿಟಿ ಶುರುವಾದ ಮೇಲೆ ಇಡೀ ಆಕಾಶವೇ ಬೆಳಕನ್ನು ಸೋಸಿ ಕೊಡುತ್ತದೆ; ಬಿಸಿಲಿನಲ್ಲಿ ಬರಿಯ ಕಪ್ಪು ಆಕಾರವಾಗಿ ಉಳಿಯುತ್ತಿದ್ದ ಕರಿಯನ ಮೈಯಲ್ಲಿ ಆಗ ಒಂದೊಂದು ಎಳೆಯೂ ಬೇರೆಬೇರೆಯಾಗಿ ಕಾಣುತ್ತದೆ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ತಾನು ಕಂಡದ್ದನ್ನೆಲ್ಲ ನಡುಬೂದು ಬಣ್ಣಕ್ಕೆ ತರಲು ನೋಡುವುದರಿಂದ, ಚೌಕಟ್ಟಿನ ತುಂಬ ಕಪ್ಪು ನಾಯಿಯಿದ್ದಾಗ ಅದನ್ನು ಬೂದಿ ಬಳಿದಂತೆ ತೋರಿಸುತ್ತದೆ. ಎಕ್ಸ್‌ಪೋಶರನ್ನು ಒಂದು ಸ್ಟಾಪ್‌ನಷ್ಟು, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಿದರೆ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ತಮಾಷೆಯೆಂದರೆ, ನೆನೆದ ಎರೆಮಣ್ಣಿನಲ್ಲಿ ದೂರದಲ್ಲಿ ನಿಂತ ಬಿಳಿ ಮುಧೋಳ ನಾಯಿಗೂ ಇಳಿಸಲೇಬೇಕು, ಏಕೆಂದರೆ ಅಲ್ಲಿ ಮೀಟರ್ ಸುತ್ತಲಿನ ಕಪ್ಪು ನೆಲವನ್ನು ನೋಡಿ ಬೆಳಕು ಹೆಚ್ಚಿಸಿ ನಾಯಿಯನ್ನು ಸುಣ್ಣದ ಗೋಡೆ ಮಾಡಿಬಿಡುತ್ತದೆ.

ಮಳೆಯಲ್ಲಿ ನೆನೆದ ನಾಯಿ ಮೈ ಕೊಡವುವುದನ್ನು ಹತ್ತಿರದಿಂದ ನೋಡಬೇಕು. ಅದು ತಲೆಯಿಂದ ಆರಂಭವಾಗಿ, ಭುಜ, ಪಕ್ಕೆಗಳನ್ನು ದಾಟಿ, ಬಾಲದ ತುದಿಯಲ್ಲಿ ಮುಗಿಯುತ್ತದೆ. ಕಿವಿಗಳು ಒಂದು ಕಡೆಗೆ ಹಾರಿದಾಗ ತುಟಿಗಳು ಇನ್ನೊಂದು ಕಡೆಗೆ ತಿರುಚಿಕೊಂಡಿರುತ್ತವೆ. ಹನಿಗಳು ಗಾಳಿಯಲ್ಲಿ ನಿಲ್ಲಬೇಕಾದರೆ ಶಟರ್ ತೆರೆದಿರುವ ಹೊತ್ತು ಸೆಕೆಂಡಿನ 1/1600 ಭಾಗವನ್ನು ಮೀರಬಾರದು, ಮೋಡದ ಬೆಳಕಿನಲ್ಲಿ ಅದಕ್ಕಾಗಿ ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು, ಅಂದರೆ ಐಎಸ್‌ಒವನ್ನು, 3200ಕ್ಕೆ ಏರಿಸಬೇಕಾಗಬಹುದು. ಹಿಂದೆ ಗಾಢ ಹಸಿರೋ ನೆನೆದ ಮರದ ಬುಡವೋ ಇಲ್ಲದಿದ್ದರೆ ಆ ಹನಿಗಳು ಕಾಣುವುದೇ ಇಲ್ಲ. ಮನೆಗೆ ಬಂದ ಮೇಲೆ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣೆ ಹತ್ತಿದೆಯೇ ಎಂದು ನೋಡುವ ಕೆಲಸವೂ ಈ ಛಾಯಾಗ್ರಹಣದ ಭಾಗವೇ.

ಚಳಿಗಾಲ ಮುಧೋಳ ನಾಯಿಯದು. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ನಡುಮಧ್ಯಾಹ್ನದ ಸೂರ್ಯನೂ 51 ಡಿಗ್ರಿಯಷ್ಟೇ ಮೇಲೇರುವುದರಿಂದ ಬೆಳಿಗ್ಗೆ ಹತ್ತರವರೆಗೂ ಓರೆಬೆಳಕು ಸಿಗುತ್ತದೆ, ಅದರಲ್ಲಿ ಇಳಿದ ಎದೆ, ಸೆಳೆದ ಹೊಟ್ಟೆ, ತೊಡೆಯ ಸ್ನಾಯುಗಳೆಲ್ಲ ಕೆತ್ತಿದಂತೆ ಎದ್ದು ಕಾಣುತ್ತವೆ. ಹಾಗೆಂದು ನಸುಕಿನಲ್ಲೇ ಹೋದರೆ ಪ್ರಯೋಜನವಿಲ್ಲ. ಗಿಡ್ಡ ರೋಮದ, ಕೊಬ್ಬಿಲ್ಲದ ಈ ನಾಯಿ ಆಗ ಮೈಮೇಲೆ ಗೋಣಿಚೀಲ ಹೊದ್ದು ಮುದುಡಿರುತ್ತದೆ. “ಬಿಸಲ ಏರಲಿ ತಡೀರಿ ಸರ, ಅದಕ್ಕೂ ಥಂಡಿ ಆಗತೈತಿ” ಎಂದು ಯಜಮಾನರು ಚಹಾ ಕೊಟ್ಟು ಕೂರಿಸುತ್ತಾರೆ. ಬಿಸಿಲೇರಿದ ಮೇಲೆ, ಜೋಳ ಮತ್ತು ಕಡಲೆ ಹೊಲಗಳ ನಡುವಿನ ಬಂಡಿ ದಾರಿಯಲ್ಲಿ ಅದನ್ನು ಓಡಿಸುತ್ತಾರೆ. ಈ ಜಾತಿಯ ಬೇಟೆನಾಯಿಗಳು ಪೂರ್ಣ ವೇಗದಲ್ಲಿ ಓಡುವಾಗ ಒಂದೊಂದು ನೆಗೆತದಲ್ಲೂ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ: ಒಮ್ಮೆ ಕಾಲುಗಳೆಲ್ಲ ಹೊಟ್ಟೆಯ ಕೆಳಗೆ ಗಂಟುಗೂಡಿದಾಗ, ಮತ್ತೊಮ್ಮೆ ಹಿಂದುಮುಂದಕ್ಕೆ ಪೂರ್ತಿ ಚಾಚಿದಾಗ. ಹೆಚ್ಚಿನವರು ಚಾಚಿದ ಭಂಗಿಯನ್ನೇ ಬಯಸುತ್ತಾರೆ. ನನ್ನ ಮಟ್ಟಿಗೆ ಬೆನ್ನು ಬಿಲ್ಲಾಗಿ ಬಾಗಿದ ಆ ಇನ್ನೊಂದು ಕ್ಷಣದಲ್ಲೇ ಬಲ ಹೆಚ್ಚು ಕಾಣುತ್ತದೆ. ನಿಂತಾಗಿನ ಮುಖಚಿತ್ರಕ್ಕೆ ಮಾತ್ರ ಲೆನ್ಸಿನ ಕಿಂಡಿಯನ್ನು ಅಗಲವಾಗಿ ತೆರೆಯುವ ಎಫ್ 2.8ರ ಮೋಹ ಬೇಡ, ಮೂತಿ ಅಷ್ಟು ಉದ್ದವಿರುವಾಗ ಕಣ್ಣು ಸ್ಪಷ್ಟವಾದರೆ ಮೂಗು ಮಸುಕಾಗುತ್ತದೆ, ಎಫ್ 5.6 ಸಾಕು.

ಕಿವಿ ನಿಮಿರಿಸಲು ಜೇಬಿನಲ್ಲಿ ಚುರಮುರಿಯ ಚೀಲವೊಂದಿದ್ದರೆ ಒಳ್ಳೆಯದು, ಉಳ್ಳಾಗಡ್ಡಿ ಬೆರೆಸದ ಬರಿಯ ಚುರಮುರಿ. ಮಳೆಯ ಸದ್ದಿನಲ್ಲಿ ಅದರ ಸಪ್ಪಳ ಕೇಳುವುದಿಲ್ಲ, ಆಗ ಸಿಳ್ಳೆಯೇ ಗತಿ. ಎರಡನೆಯ ಸಲ ಸಪ್ಪಳ ಮಾಡಿದರೆ ಮಾತ್ರ ಕರಿಯ ಭಂಗಿಯನ್ನು ಬಿಟ್ಟು ನೇರವಾಗಿ ಚೀಲದ ಕಡೆಗೇ ಬರುತ್ತಾನೆ, ಆಮೇಲೆ ಅದು ಖಾಲಿಯಾಗುವವರೆಗೆ ಫೋಟೊ ಇಲ್ಲ.